ಹತ್ತೊಂಬತ್ತನೇ ಮನೆಯ ಮುಖ್ಯಸ್ಥೆ

ಮೂರು ಸಲ ಹೋದರೂ ಗೇಟು ತೆಗೆಯದ ಮನೆಯನ್ನು ಬಿಟ್ಟು ಪಕ್ಕದ ಮನೆ ತೆಗೆದುಕೊಳ್ಳಬಹುದು ಎಂದು ನಿಯಮವಿತ್ತು. ಸರ್ವಮಂಗಳಮ್ಮ ನಾಲ್ಕನೇ ಸಲವೂ ಹೋದಳು.

ಅವಳಿಗೆ ಐವತ್ತೊಂದು ವರ್ಷ. ಇಪ್ಪತ್ತೆರಡು ವರ್ಷಗಳಿಂದ ಗುತ್ತಿಗೆಯ ಮೇಲೆ ಸಮೀಕ್ಷೆ ಮಾಡುವುದೇ ಕಸುಬು. ದನಗಳ ಎಣಿಕೆ, ಶೌಚಾಲಯದ ಎಣಿಕೆ, ಶಾಲೆ ಬಿಟ್ಟ ಮಕ್ಕಳ ಎಣಿಕೆ ಎಲ್ಲವನ್ನೂ ಮಾಡಿದ್ದಳು. ಈ ಸಲದ್ದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಕೆಲಸ. ತುಮಕೂರು ಜಿಲ್ಲೆಯಲ್ಲಿ ಜನರ ಆದಾಯ ಯಾವ ಜಾಗದಲ್ಲಿ ಗುಡ್ಡೆ ಬಿದ್ದಿದೆ, ಯಾವ ಜಾಗದಲ್ಲಿ ತಳ ಕಾಣುತ್ತಿದೆ ಎಂಬುದನ್ನು ವಾರ್ಡು ವಾರ್ಡಿಗೆ, ಹಳ್ಳಿ ಹಳ್ಳಿಗೆ ಅಳೆದು ನಕ್ಷೆ ಮಾಡಬೇಕಿತ್ತು. ತುಮಕೂರು ನಗರದ ಒಂದು ಬಡಾವಣೆ, ಗುಬ್ಬಿಯ ಎರಡು ಬೀದಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ಒಂದು ಹಳ್ಳಿ ಅವಳ ಪಾಲಿಗೆ ಬಂದಿದ್ದವು.

ತರಬೇತಿಯ ದಿನ ಸೂಪರ್‌ವೈಸರ್ ಅಂಜನ್‌ಕುಮಾರ್ ಬೋರ್ಡಿನ ಮೇಲೆ ಸೊನ್ನೆ ಮತ್ತು ಒಂದನ್ನು ಬರೆದು, "ಎಲ್ಲರಿಗೂ ಸಮಸಮ ಇದ್ರೆ ಸೊನ್ನೆ. ಒಬ್ನ ಹತ್ರಾನೇ ಎಲ್ಲಾ ಇದ್ರೆ ಒಂದು. ನಮ್ಮ ಜಿಲ್ಲೆ ಇವೆರಡರ ಮಧ್ಯೆ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ನೀವು ಕಂಡುಹಿಡೀತಿದೀರ," ಎಂದಿದ್ದ. ಅವನಿಗೆ ಇಪ್ಪತ್ತೊಂಬತ್ತು ವರ್ಷವಿರಬಹುದು. ಕೆಲಸದಲ್ಲಿ ಶ್ರದ್ಧೆಯಿತ್ತು, ಅವಸರ ಅದಕ್ಕಿಂತ ಹೆಚ್ಚಿತ್ತು.

ಬಡಾವಣೆಯ ಪಟ್ಟಿಯಲ್ಲಿ ಹತ್ತೊಂಬತ್ತನೆಯದು ಮೂರಂತಸ್ತಿನ ಮನೆ. ಮುಂದೆ ಕಪ್ಪು ಗ್ರಾನೈಟಿನ ಗೋಡೆ, ಒಳಗಿನದು ಏನೂ ಕಾಣದಷ್ಟು ಎತ್ತರದ ಗೇಟು. ಮೂರು ದಿನ ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬೆಲ್ ಒತ್ತಿ ಬಂದಿದ್ದಳು.

"ಮೇಡಂ, ಬದ್ಲಿ ಮನೆ ತಗೊಂಡ್ಬಿಡಿ. ಪಕ್ಕದಲ್ಲಿ ರಿಟೈರ್ಡ್ ಮೇಷ್ಟ್ರು ಮನೆ ಇದೆ, ಚೆನ್ನಾಗಿ ಮಾತಾಡ್ತಾರೆ," ಎಂದ ಅಂಜನ್‌ಕುಮಾರ್ ಫೋನಿನಲ್ಲಿ.

"ದೊಡ್ಡ ಮನೆ ಗೇಟು ಯಾವತ್ತೂ ತೆಗ್ಯಲ್ಲ ಕಣಪ್ಪ. ಪ್ರತಿ ಸಲ ಪಕ್ಕದ ಮೇಷ್ಟ್ರನ್ನೇ ಬರ್ಕೊಂಡು ಹೋದ್ರೆ ದೊಡ್ಡೋರ್ದು ಎಲ್ಲಿ ಸಿಗುತ್ತೆ ನಿಮ್ಗೆ? ಎಲ್ಲಾ ಸಮ ಇದ್ದಂಗೇ ಕಾಣುತ್ತೆ."

"ಸರಿ, ಇನ್ನೊಂದು ಸಲ ನೋಡಿ. ಆದ್ರೆ ಎಕ್ಸ್‌ಟ್ರಾ ಭತ್ಯೆ ಸಿಗಲ್ಲ."

ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೇ ಹೋದಳು. ಗೇಟು ಅರ್ಧ ತೆಗೆದಿತ್ತು. ಹೊರಗೆ ಅರವತ್ತರ ಹತ್ತಿರದ ಹೆಂಗಸೊಬ್ಬಳು ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. ಹಣೆಯಲ್ಲಿ ವಿಭೂತಿ, ತೊಳೆದು ತೊಳೆದು ಬಣ್ಣ ಹೋದ ನೈಲೆಕ್ಸ್ ಸೀರೆ. ಸರ್ವಮಂಗಳಮ್ಮ ಗುರುತಿನ ಚೀಟಿ ತೋರಿಸಿ ವಿಷಯ ಹೇಳಿದಳು.

"ಯಜಮಾನ್ರಿಲ್ಲ ಮೇಡಂ. ಅವ್ರಿಲ್ದಾಗ ಬೆಲ್ ಒತ್ತಿದ್ರೂ ಗೇಟ್ ತೆಗೀಬ್ಯಾಡ ಅಂದವ್ರೆ. ಗುರುಪ್ರಕಾಶಪ್ಪೋರು ಬೆಂಗ್ಳೂರ್‌ನಾಗವ್ರೆ. ಮಕ್ಳ ಸ್ಕೂಲು ಅಲ್ಲೇ ಅಂತ ಮೂರು ವರ್ಷಾತು ಓಗಿ. ತಿಂಗ್ಳಿಗೆ ಒಂದ್ಸಲವೋ ಎರಡ್ಸಲವೋ ಭಾನುವಾರ ಬತ್ತಾರೆ. ಇಲ್ಲಿ ನಾನೊಬ್ಳೇ."

"ನೀವು ಇಲ್ಲೇ ಇರೋದಾ? ರಾತ್ರಿ ಮಲಗೋದು, ಊಟ, ಎಲ್ಲಾ?"

"ಹದಿನಾಲ್ಕು ವರ್ಷದಿಂದ."

ಸರ್ವಮಂಗಳಮ್ಮ ಟ್ಯಾಬಿನಲ್ಲಿ ನಿಯಮದ ಪುಟ ತೆಗೆದು ನೋಡಿದಳು. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು, ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಆ ಮನೆಯಲ್ಲಿ ಇರುವವರು ಮಾತ್ರ ಆ ಮನೆಯ ಕುಟುಂಬ. ಮನೆ ಯಾರ ಹೆಸರಿನಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಹಾಗಾದರೆ ಈ ಮನೆಯ ಕುಟುಂಬವೆಂದರೆ ರಂಗೋಲಿ ಪುಡಿಯ ಡಬ್ಬಿ ಹಿಡಿದು ನಿಂತಿರುವ ಈ ಹೆಂಗಸೊಬ್ಬಳೇ. ನಿಯಮದಲ್ಲಿ ಬೇರೆ ದಾರಿ ಇರಲಿಲ್ಲ.

"ಹಾಗಾದ್ರೆ ನಾನು ನಿಮ್ಮನ್ನೇ ಕೇಳ್ಬೇಕು," ಎಂದಳು.

ಹೆಂಗಸು ಹಿಂದೆ ತಿರುಗಿ ಮನೆಯನ್ನು ನೋಡಿದಳು, ಒಳಗೆ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ. ಆಮೇಲೆ ಗೇಟನ್ನು ಪೂರ್ತಿ ತೆಗೆದಳು. ಒಳಗೆ ಕುಳಿತು ಸರ್ವಮಂಗಳಮ್ಮ, ಹೇಳಿದ್ದನ್ನು ಯಾರಿಗೂ ತಿಳಿಸುವುದಿಲ್ಲ ಎಂಬ ಒಪ್ಪಿಗೆ ಪತ್ರವನ್ನು ಮೊದಲು ಓದಿದಳು.

ಅವಳ ಹೆಸರು ಬಸವಲಿಂಗಮ್ಮ. ಹುಲಿಯೂರುದುರ್ಗದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಠದ ದಾಸೋಹದಲ್ಲಿ ಅಡುಗೆಗೆ ಇದ್ದಳು. ಅಲ್ಲಿಂದ ಗುರುಪ್ರಕಾಶರ ತಾಯಿ ಕರೆತಂದಿದ್ದರು. ಆ ತಾಯಿ ಈಗ ಇಲ್ಲ. ಅಡುಗೆಮನೆಯ ಹಿಂದಿನ ಒಂದು ಕೋಣೆಯಲ್ಲಿ ಬಸವಲಿಂಗಮ್ಮನ ವಾಸ. ಉಳಿದ ಹತ್ತು ಕೋಣೆಗಳನ್ನು ದಿನಕ್ಕೆರಡರಂತೆ ಗುಡಿಸಿ ಒರೆಸಿ ಬೀಗ ಹಾಕುತ್ತಿದ್ದಳು.

"ಕುಟುಂಬದ ಮುಖ್ಯಸ್ಥರು ಅನ್ನೋ ಕಡೆ ನಿಮ್ಮ ಹೆಸರು ಹಾಕ್ತೀನಿ," ಎಂದಾಗ ಬಸವಲಿಂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನಾನಾ? ಅಯ್ಯೋ, ನಾನ್ಯಾವ ಮುಖ್ಯಸ್ಥೆ? ತವರ್‌ನಾಗೆ ಅಪ್ಪ. ಗಂಡನ್ ಮನೇಲಿ ನಮ್ಮತ್ತೆ. ಇಲ್ಲಿ ಅವ್ರು."

"ನಿಯಮ ಹಂಗಿದೆ. ಇಲ್ಲಿರೋದು ನೀವೊಬ್ರೇ ಅಲ್ವಾ?"

"ಅದೇನ್ ಬರೆದ್ರೋ ಒಂದ್ಸಲ ಓದಿ."

ಸರ್ವಮಂಗಳಮ್ಮ ಓದಿದಳು. "ಮುಖ್ಯಸ್ಥರು: ಬಸವಲಿಂಗಮ್ಮ. ವಯಸ್ಸು ಐವತ್ತೆಂಟು. ಸದಸ್ಯರ ಸಂಖ್ಯೆ ಒಂದು."

ಇನ್ನೊಂದು ಸಲ ಓದಿಸಿಕೊಂಡು ಬಸವಲಿಂಗಮ್ಮ ಕಾಫಿಗಿಟ್ಟಳು. ಪ್ರಶ್ನೆಗಳು ನೂರ ಹನ್ನೆರಡಿದ್ದವು. ಸಾಮಾನ್ಯವಾಗಿ ನಲವತ್ತು ನಿಮಿಷದ ಕೆಲಸ. ಅಲ್ಲಿ ಎರಡೂಕಾಲು ಗಂಟೆ ಹಿಡಿಯಿತು. ಕಳೆದ ಏಳು ದಿನದಲ್ಲಿ ತರಕಾರಿಗೆ ಎಷ್ಟು ಖರ್ಚಾಯಿತು ಎಂದರೆ ಬಸವಲಿಂಗಮ್ಮ ತರಕಾರಿಯಿಂದ ಹಿಡಿದು, ಒಬ್ಬಳಿಗೆ ಸಾರು ಮಾಡಿದರೆ ರುಚಿ ಬರುವುದಿಲ್ಲವೆಂದು, ಹಾಗಾಗಿ ಎರಡು ದಿನಕ್ಕಾಗುವಷ್ಟು ಮಾಡುವೆನೆಂದು, ಎರಡನೇ ದಿನ ಅದು ತನಗೇ ಬೇಡವಾಗುವುದೆಂದು ಹೇಳುತ್ತಿದ್ದಳು. ಸರ್ವಮಂಗಳಮ್ಮ ತಡೆಯಲಿಲ್ಲ.

ಸಂಬಳದ ಪ್ರಶ್ನೆ ಬಂದಾಗ ಮಾತ್ರ ಎದ್ದು ಹೋಗಿ ಕಾಫಿಯ ಲೋಟ ತೊಳೆದಿಟ್ಟು ಬಂದಳು.

"ಒಂಬತ್ ಸಾವ್ರ ಅಂತ ಬರ್ಕಳಿ."

"ತಿಂಗಳಿಗೆ? ಕೈಗೇ ಕೊಡ್ತಾರಾ?"

"ಊಂ. ಕೈಗೇ."

ಹೊರಡುವಾಗ ಗೇಟಿನವರೆಗೆ ಬಂದಳು. "ನಿಮ್ಮನೇಲಿ ಯಾರ್ಯಾರವ್ರೆ ಮೇಡಂ?"

ಸಮೀಕ್ಷೆಗೆ ಹೋದವರು ತಮ್ಮ ವಿಷಯ ಹೇಳಿಕೊಳ್ಳಬಾರದೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅಷ್ಟು ವರ್ಷಗಳಲ್ಲಿ ಅವಳನ್ನು ಹಾಗೆ ಕೇಳಿದವರೂ ಕಡಿಮೆ. "ನಾನೊಬ್ಳೇ. ಅಮ್ಮ ಇದ್ರು, ಹೋದ ವರ್ಷ ಹೋದ್ರು," ಎಂದಳು.

ಕ್ಯಾತ್ಸಂದ್ರದ ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಅವಳ ವಾಸ. ಮದುವೆಯಾಗಿರಲಿಲ್ಲ. ಅಮ್ಮ ಇರುವಾಗ ಸಂಜೆ ಬಂದು ಯಾವ ಬೀದಿ, ಯಾವ ಮನೆ, ಯಾರು ಮಜ್ಜಿಗೆ ಕೊಟ್ಟರು ಎಂದು ಹೇಳುತ್ತಿದ್ದಳು. ಈಗ ದಿನವಿಡೀ ಊರಿನವರನ್ನೆಲ್ಲ ಪ್ರಶ್ನೆ ಕೇಳಿ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಿಗ್ಗೆಯವರೆಗೆ ಒಂದು ಮಾತಿಲ್ಲ. ಭಾನುವಾರ ಹಾಲಿನ ಬೂತಿನಲ್ಲಿ "ಅರ್ಧ ಲೀಟರ್" ಎಂದದ್ದೇ ಇಡೀ ದಿನದ ಮಾತಾಗಿ ಉಳಿಯುತ್ತಿತ್ತು. ಆ ದಿನ ಮಾತ್ರ ಬಸವಲಿಂಗಮ್ಮನ ಧ್ವನಿ ಕಿವಿಯಲ್ಲೇ ಇತ್ತು.

ಮುಂದಿನ ವಾರ ಗುಬ್ಬಿ. ಬೆಳಗಿನ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಅಲ್ಲಿ ರಾಮಾಂಜಿನಯ್ಯ ಎಂಬ ಅಡಿಕೆ ಸುಲಿಸುವ ಮೇಸ್ತ್ರಿಯ ಮನೆಯ ಜಗಲಿಯಲ್ಲಿ ಕುಳಿತು ಆರು ಜನರ ಕೂಲಿ ಕೂಡಿಸುತ್ತಿರುವಾಗ ಅಂಜನ್‌ಕುಮಾರನ ಫೋನು ಬಂತು.

"ಮೇಡಂ, ನಿಮ್ಮ ಹತ್ತೊಂಬತ್ತನೇ ಮನೆ ಲೆಕ್ಕ ಹೊಂದಲ್ಲ ಅಂತ ಸಿಸ್ಟಮ್‌ನಲ್ಲಿ ಕೆಂಪು ತೋರಿಸ್ತು. ಹನ್ನೊಂದು ರೂಮು, ನಾಲ್ಕು ಏಸಿ, ಒಬ್ರೇ ಮನುಷ್ರು, ಆದಾಯ ಒಂಬತ್ತು ಸಾವಿರ. ನಾನೇ ಮರುತಪಾಸಣೆಗೆ ಹೋಗಿದ್ದೆ ಭಾನುವಾರ."

ಸರ್ವಮಂಗಳಮ್ಮ ಜಗಲಿಯಿಂದ ಇಳಿದು ಬೀದಿಗೆ ಬಂದಳು. "ಭಾನುವಾರನಾ? ಯಾರಿದ್ರು?"

"ಓನರ್ರೇ ಇದ್ರು. ಬಸವಲಿಂಗಮ್ಮ ಅನ್ನೋರು ಮುಖ್ಯಸ್ಥೆ ಆಗಿರೋ ಮನೆ ಇದೇನಾ ಸಾರ್ ಅಂತ ಕೇಳ್ದೆ. ಅವರು ಎರಡ್ಸಲ ಹೇಳಿಸ್ಕೊಂಡ್ರು. ಆಮೇಲೆ ಗೇಟ್ ಹಾಕಿದ್ರು."

"ಅಂಜನ್, ಅವ್ರ ಮುಂದೆ ಹಂಗೆ ಹೇಳ್ಬಾರ್ದಿತ್ತಪ್ಪ."

"ಫಾರಂನಲ್ಲಿ ಇರೋದನ್ನೇ ಕೇಳಿದ್ದು ಮೇಡಂ ನಾನು."

ಗುಬ್ಬಿಯ ಕೆಲಸ ಅರ್ಧಕ್ಕೆ ಬಿಡುವಂತಿರಲಿಲ್ಲ. ಎರಡು ದಿನ ಬಿಟ್ಟು ಬಡಾವಣೆಗೆ ಹೋದಾಗ ಗೇಟಿನ ಮುಂದೆ ರಂಗೋಲಿ ಇರಲಿಲ್ಲ. ಎದುರು ಮನೆಯಲ್ಲಿ ಅಡುಗೆ ಮಾಡುವವಳು ಕಸದ ಬಕೆಟ್ ಹಿಡಿದು ಹೊರಗೆ ಬಂದವಳು ಹೇಳಿದಳು. "ಸೋಮವಾರ ಕಳಿಸ್ಬಿಟ್ರು ಕಣಕ್ಕ. ನಮ್ಮ ಮನೆ ಯಜಮಾನಿಕೆ ನಿನ್ ಹೆಸರಿಗೆ ಬರೆಸ್ಕೊಂಡಿದೀಯಾ ಅಂತ ಕೇಳಿದ್ರಂತೆ. ನಾಳೆ ಕೋರ್ಟಿಗೆ ಹೋಗಿ ಇದು ನಂದೇ ಮನೆ ಅಂದ್ರೆ ಏನ್ಮಾಡೋದು ಅಂತ ಅವರ ಭಯ. ಪಾಪ, ಒಂದ್ ಬ್ಯಾಗು ಹಿಡ್ಕೊಂಡು ಹೋದ್ಲು."

ಕುಟುಂಬದ ಮುಖ್ಯಸ್ಥೆ ಎಂದು ಬರೆದ ಕೈ ತನ್ನದು. ಮನೆಗೂ ಆ ಮಾತಿಗೂ ಸಂಬಂಧವಿಲ್ಲವೆಂದು, ಅದು ಯಾವ ಹಕ್ಕಿನ ಕಾಗದವೂ ಅಲ್ಲವೆಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಆದರೆ ಅದನ್ನು ಯಾರಿಗೆ ಹೇಳುವುದು? ಟ್ಯಾಬಿನಲ್ಲಿ ಬಸವಲಿಂಗಮ್ಮನ ಫೋನ್ ನಂಬರ್ ಬರೆದುಕೊಂಡಿದ್ದಳು, ಈಗ ಅದೂ ಇರಲಿಲ್ಲ. ಮರುತಪಾಸಣೆ ಮುಗಿದ ಮೇಲೆ ಹೆಸರು, ನಂಬರ್ ಎಲ್ಲ ತಾವಾಗಿಯೇ ಅಳಿಸಿಹೋಗುತ್ತಿದ್ದವು. ಯಾರ ಗುಟ್ಟೂ ಹೊರಗೆ ಹೋಗಬಾರದೆಂದು ಹಾಗೆ ಮಾಡಿದ್ದರು.

ಕುಣಿಗಲ್ ತಾಲ್ಲೂಕಿನ ಕೆಲಸ ಒಂಬತ್ತು ದಿನ ನಡೆಯಿತು. ಜಲಾಶಯದ ನೀರು ಬರುವ ಬಯಲಿನಲ್ಲಿ ಒಂದೇ ಹಳ್ಳಿಯ ಒಂದು ಮಗ್ಗುಲಿಗೆ ಭತ್ತ, ಇನ್ನೊಂದು ಮಗ್ಗುಲಿಗೆ ಬರೀ ರಾಗಿ. ಎರಡು ಮಗ್ಗುಲ ಆದಾಯಕ್ಕೂ ಅಜಗಜಾಂತರ. ಅವಳು ಕೇಳುವುದನ್ನು ಕೇಳಿದಳು, ಬರೆಯುವುದನ್ನು ಬರೆದಳು. ಮುಖ್ಯಸ್ಥರು ಯಾರು ಎಂದು ಕೇಳುವಾಗಲೆಲ್ಲ ಧ್ವನಿ ತಗ್ಗುತ್ತಿತ್ತು. ಕೊನೆಯ ಮನೆ ಮುಗಿದ ದಿನವೇ ಹುಲಿಯೂರುದುರ್ಗದ ಬಸ್ಸು ಹತ್ತಿದಳು.

ಅಲ್ಲಿ ಸಣ್ಣ ಅಂಗಡಿಗಳಲ್ಲಿ ವಿಚಾರಿಸುತ್ತ ಹೋಗಿ ಮಧ್ಯಾಹ್ನದ ಹೊತ್ತಿಗೆ ಬಸವಲಿಂಗಮ್ಮನ ತಂಗಿಯ ಮನೆ ಕಂಡುಹಿಡಿದಳು. ತಂಗಿ ಬಾಗಿಲಲ್ಲೇ ನಿಂತು ಮಾತಾಡಿದಳು.

"ನಾಕ್ ದಿನ ಇದ್ಲು. ನಮ್ದೂ ಚಿಕ್ಕ ಮನೆ. ಮಗ್ಳು ಬಾಣಂತನಕ್ಕೆ ಬಂದವ್ಳೆ. ಕುಣಿಗಲ್ ಬಸ್‌ಸ್ಟ್ಯಾಂಡ್ ಹಿಂದೆ ಯಾವ್ದೋ ಮೆಸ್‌ನಾಗೆ ಅಡ್ಗೆಗೆ ಸೇರ್ಕೊಂಡವ್ಳಂತೆ. ನೀವ್ಯಾರು?"

"ಪರಿಚಯದೋರು," ಎಂದಳು ಸರ್ವಮಂಗಳಮ್ಮ.

ಕುಣಿಗಲ್ ಬಸ್‌ಸ್ಟ್ಯಾಂಡಿನ ಹಿಂದೆ ಮೂರು ಮೆಸ್ಸುಗಳಿದ್ದವು. ಎರಡನೆಯದರ ಹಿತ್ತಲಿನಲ್ಲಿ ಬಸವಲಿಂಗಮ್ಮ ಮಣೆಯ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತಿದ್ದಳು. ತಲೆಯೆತ್ತಿ ನೋಡಿದವಳು ಗುರುತು ಹಿಡಿದಳು. ಎದ್ದು ಬರಲಿಲ್ಲ, ಹೆಚ್ಚುವುದನ್ನೂ ನಿಲ್ಲಿಸಲಿಲ್ಲ.

"ಇಲ್ಲೂ ಬರ್ಕಳಾಕೆ ಬಂದ್ರಾ?"

"ಇಲ್ಲ ಬಸವಲಿಂಗಮ್ಮ. ನನ್ನಿಂದ ನಿಮ್ಗೆ ಹಿಂಗಾಯ್ತು. ಅದನ್ನ ಹೇಳೋಣ ಅಂತ ಬಂದೆ."

"ಯಾರ್ಗೂ ಹೇಳಕ್ಕಿಲ್ಲ ಅಂತ ಓದಿದ್ರಿ ಅವತ್ತು. ಮೊದ್ಲಿಗೇ ಓದಿದ್ರಿ."

"ಓದಿದ್ದೆ."

ಬಸವಲಿಂಗಮ್ಮ ಈರುಳ್ಳಿಯನ್ನು ತಟ್ಟೆಗೆ ಸುರಿದಳು. ಒಳಗಿನಿಂದ ಯಾರೋ ಸಾರಿಗೆ ಕೂಗಿದರು. ಅವಳು ಎದ್ದು ಹೋಗಿ ಬಡಿಸಿ ಬಂದಳು. ಬಂದವಳು ಸರ್ವಮಂಗಳಮ್ಮನ ಪಕ್ಕದಲ್ಲೇ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಳು.

"ನಾನೂ ನಿಮ್ಗೆ ಸುಳ್ಳು ಹೇಳಿದೀನಿ. ಆ ಒಂಬತ್ ಸಾವ್ರ ಸುಳ್ಳು."

"ಎಷ್ಟು ಮತ್ತೆ?"

"ಏನೂ ಇಲ್ಲ. ಅವ್ರು ಇಲ್ಲಿದ್ದಾಗ ತಿಂಗ್ಳಿಗೆ ಐದು ಸಾವ್ರ ಕೈಗೆ ಕೊಡೋರು. ಬೆಂಗ್ಳೂರ್‌ಗೆ ಓದ್ಮೇಲೆ, ನಿಂಗೇನ್ ಖರ್ಚು ಇಲ್ಲಿ, ರೇಷನ್ನು ನಾನೇ ಆಕಿಸ್ತೀನಿ, ದುಡ್ಡು ನನ್ ಹತ್ರ ಇರ್ಲಿ ಅಂದ್ರು. ಸರಿ ಅಂದೆ. ಮೂರು ವರ್ಷಾತು. ನಾನು ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ."

"ನನ್ ಹತ್ರ ಯಾಕೆ ಒಂಬತ್ತು ಅಂದ್ರಿ?"

"ಎದ್ರು ಮನೆಯವ್ಳಿಗೆ ಒಂಬತ್ತು. ನೀವು ಅಷ್ಟು ಮರ್ಯಾದೆ ಕೊಟ್ಟು, ಮುಖ್ಯಸ್ಥೆ ಅಂತ ಬರ್ದು, ಎಷ್ಟು ಬರುತ್ತೆ ಅಂತ ಕೇಳಿದ್ರಿ. ಏನೂ ಇಲ್ಲ ಅನ್ನಾಕೆ ನಾಚ್ಕೆ ಆತು ಕಣವ್ವ."

ಸರ್ವಮಂಗಳಮ್ಮ ಅಲ್ಲಿಂದಲೇ ಅಂಜನ್‌ಕುಮಾರನಿಗೆ ಫೋನ್ ಮಾಡಿದಳು. ಹತ್ತೊಂಬತ್ತನೇ ಮನೆಯ ಆದಾಯ ತಿದ್ದಬೇಕು, ಅಲ್ಲಿ ಸೊನ್ನೆ ಬರಬೇಕು ಎಂದಳು.

"ಸೊನ್ನೆ ಹಾಕಿದ್ರೆ ಸಿಸ್ಟಮ್ ತಗೊಳಲ್ಲ ಮೇಡಂ. ಅಲ್ದೆ ಆ ಮನೇನ ತೆಗೆದಾಯ್ತು. ಹೊಂದಾಣಿಕೆ ಇಲ್ಲ ಅಂತ ಬೆಂಗಳೂರಿಂದ ತೆಗೆದ್ರು. ಮೇಷ್ಟ್ರು ಮನೆ ಹಾಕಿದೀವಿ."

"ಗುರುಪ್ರಕಾಶ್ ಅವರದ್ದು?"

"ಅವ್ರು ಬೆಂಗಳೂರಲ್ಲಿ ಇರೋರು, ನಮ್ಮ ಜಿಲ್ಲೆಗೆ ಬರಲ್ಲ. ಅಲ್ಲಿ ಕೇಳಿದ್ರೆ ತುಮಕೂರು ಅಂತಾರೆ ಅನ್ಸುತ್ತೆ. ಎಲ್ಲೂ ಬರಲ್ಲ ಬಿಡಿ."

ಫೋನಿಟ್ಟು ಬಸವಲಿಂಗಮ್ಮನಿಗೆ ಕಾರ್ಮಿಕ ಇಲಾಖೆಯ ವಿಷಯ ಹೇಳಿದಳು. ಅರ್ಜಿ ಕೊಟ್ಟರೆ ಕರೆಸಿ ಕೇಳುತ್ತಾರೆ ಎಂದಳು.

"ಬುಡಿ. ಅವ್ರೆದ್ರು ನಿಂತ್ಕಂಡು ನಾನೇನ್ ಮಾತಾಡ್ಲಿ?"

"ನಾನು ಬರ್ತೀನಿ. ನಾನೇ ಮಾತಾಡ್ತೀನಿ."

"ನಿಮ್ ಕೆಲ್ಸಕ್ಕೆ ತೊಂದ್ರೆ ಆಗಕ್ಕಿಲ್ವಾ?"

ಆಗಬಹುದೆಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಸಮೀಕ್ಷೆಯಲ್ಲಿ ತಿಳಿದದ್ದನ್ನು ಹೊರಗೆ ಬಳಸುವುದಿಲ್ಲ ಎಂದು ಸಹಿ ಮಾಡಿದ್ದಳು. "ನೋಡೋಣ," ಎಂದಳು.

ಅರ್ಜಿ ಕೊಟ್ಟ ಆರನೇ ವಾರಕ್ಕೆ ತುಮಕೂರಿನ ಕಚೇರಿಯಲ್ಲಿ ಇಬ್ಬರೂ ಗುರುಪ್ರಕಾಶನನ್ನು ಎದುರಿಸಿದರು. ನಲವತ್ತೈದರ ಮನುಷ್ಯ, ಎರಡು ಕಲ್ಯಾಣ ಮಂಟಪ, ಒಂದು ಮಂಡಿಯ ಒಡೆಯ. ಜೋರು ಮಾತಿನವನಲ್ಲ. ಅಧಿಕಾರಿ ಕೂರಲು ಹೇಳುವವರೆಗೂ ನಿಂತೇ ಇದ್ದ.

"ಬಸಮ್ಮ, ನೀನು ಒಂದ್ ಮಾತು ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ? ಇಲ್ಲಿವರೆಗೂ ಬರಬೇಕಿತ್ತಾ?" ಎಂದ.

ಬಸವಲಿಂಗಮ್ಮ ನೆಲ ನೋಡುತ್ತ ಕುಳಿತಿದ್ದಳು. ಮಾತಾಡುವುದಾಗಿ ಹೇಳಿದ್ದ ಸರ್ವಮಂಗಳಮ್ಮ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ಕೇಳ್ಬೇಕಾಗಿತ್ತು. ತಪ್ಪು ನಂದೇ. ಈಗ ಕೇಳ್ತಾ ಇದೀನಿ, ಕೊಡಿ."

ಅಧಿಕಾರಿ ಬಗ್ಗಿ ಏನೋ ಬರೆದುಕೊಂಡರು. ಮೂರು ವರ್ಷಕ್ಕೆ ಒಂದು ಲಕ್ಷದ ಎಂಬತ್ತು ಸಾವಿರವಾಗುತ್ತಿತ್ತು. ರೇಷನ್ನು, ಕರೆಂಟು ಎಂದು ಗುರುಪ್ರಕಾಶ ಮುರಿದುಕೊಂಡು ಒಂದೂಕಾಲು ಲಕ್ಷಕ್ಕೆ ಒಪ್ಪಿದ. ಪೂರ್ತಿ ಬೇಕಾದರೆ ಕೇಸು ಮುಂದಕ್ಕೆ ಹೋಗುತ್ತದೆ, ಸಮಯ ಹಿಡಿಯುತ್ತದೆ ಎಂದು ಅಧಿಕಾರಿ ತಿಳಿಸಿದರು. ಬಸವಲಿಂಗಮ್ಮ ಸಾಕು ಎಂದಳು. ಚೆಕ್ಕಿನ ಮೇಲೆ ತನ್ನ ಹೆಸರನ್ನು ಬೆರಳಿಟ್ಟು ಓದಿಕೊಂಡಳು.

ಮೆಟ್ಟಿಲಿಳಿಯುವಾಗ ಗುರುಪ್ರಕಾಶ ಸರ್ವಮಂಗಳಮ್ಮನ ಕಡೆ ತಿರುಗಿದ. "ನೀವು ಸರ್ವೆಯೋರಲ್ವಾ? ಮನೆಮನೆಗೆ ಬಂದು ವಿಷಯ ತಿಳ್ಕೊಂಡು ಹೋಗಿ, ಅದನ್ನ ಹಿಂಗೆ ಬಳಸ್ಕೊಳೋದು ಸರಿನಾ? ಇದನ್ನ ನಾನು ಬಿಡಲ್ಲ." ಬಿಡಲೂ ಇಲ್ಲ. ಸಂಸ್ಥೆಗೆ ಪತ್ರ ಬರೆದ.

ಎರಡನೇ ಸುತ್ತಿನ ಸಮೀಕ್ಷೆಯ ಪಟ್ಟಿಯಲ್ಲಿ ಸರ್ವಮಂಗಳಮ್ಮನ ಹೆಸರು ಇರಲಿಲ್ಲ. ಅಂಜನ್‌ಕುಮಾರ್ ಫೋನ್ ಮಾಡಿದ. "ನನ್ ಕೈಲಿ ಏನಿಲ್ಲ ಮೇಡಂ. ನಿಮ್ಮಷ್ಟು ಚೆನ್ನಾಗಿ ಮಾಡೋರು ಯಾರೂ ಇಲ್ಲ, ಅದನ್ನೂ ಹೇಳ್ದೆ. ಸಹಿ ಇದೆಯಲ್ಲ, ಅದನ್ನ ತೋರಿಸಿದ್ರು." ಅವನ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು. ಅವಳು ಅವನನ್ನು ಬೈಯಲಿಲ್ಲ. ಒಂದು ತಿಂಗಳು ಮನೆಯಲ್ಲಿದ್ದು, ಆಮೇಲೆ ಜೆರಾಕ್ಸ್ ಅಂಗಡಿಯೊಂದರಲ್ಲಿ ಜನರ ಅರ್ಜಿಗಳನ್ನು ತುಂಬಿಕೊಡುವ ಕೆಲಸಕ್ಕೆ ಸೇರಿದಳು. ಅಲ್ಲಿ ಬಂದವರೇ ತಮಗೆ ಬೇಕಾದ್ದನ್ನು ಹೇಳುತ್ತಿದ್ದರು. ಅವಳು ಕೇಳಬೇಕಾದ್ದು ಬಹಳವಿರಲಿಲ್ಲ.

ವರದಿ ಬಂದಾಗ ಪತ್ರಿಕೆಯೊಂದರ ಒಳಪುಟದಲ್ಲಿ ನಕ್ಷೆ ಹಾಕಿದ್ದರು. ಮಾರ್ಕೋನಹಳ್ಳಿ ಬಯಲಿನ ಆ ಹಳ್ಳಿ ಎರಡು ಮಗ್ಗುಲೂ ಸೇರಿ ಒಂದೇ ಬಣ್ಣವಾಗಿತ್ತು. ಬಡಾವಣೆಗೆ ಆದಾಯ ಹೆಚ್ಚು ಎಂಬ ಗಾಢ ಬಣ್ಣ ಬಳಿದಿದ್ದರು. ಅಲ್ಲಿನ ಮನೆಮನೆಗಳ ನಡುವೆ ಆದಾಯದ ಅಂತರ ಕಡಿಮೆ ಎಂದು ಕೆಳಗೆ ಬರೆದಿತ್ತು. ಅವಳು ಅದನ್ನು ನಿಧಾನವಾಗಿ ಓದಿ, ಪತ್ರಿಕೆಯನ್ನು ಅಂಗಡಿಯವನಿಗೆ ವಾಪಸು ಕೊಟ್ಟಳು.

ಬಸವಲಿಂಗಮ್ಮ ಮೆಸ್ಸಿನ ಹಿಂದಿನ ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದಳು. ಒಂದು ಭಾನುವಾರ ಊಟಕ್ಕೆ ಬನ್ನಿ ಎಂದು ಕರೆದಳು. ಸರ್ವಮಂಗಳಮ್ಮ ಹೋಗುವ ಮುಂಚೆ ಮನಸ್ಸಿನಲ್ಲೇ ಒಂದು ಮಾತು ಕಟ್ಟಿಕೊಂಡಿದ್ದಳು. ಊಟದ ನಡುವೆ ಅದನ್ನು ಹೇಳಿದಳು.

"ಕ್ಯಾತ್ಸಂದ್ರದಲ್ಲಿ ನನ್ ರೂಮು ದೊಡ್ಡದೇ ಇದೆ. ಅಮ್ಮನ ಮಂಚ ಹಂಗೇ ಇದೆ. ನೀವು ಬಂದು ಇರಬೋದು."

ಬಸವಲಿಂಗಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಬ್ಯಾಡ ಕಣವ್ವ. ಇನ್ನೊಬ್ರ ಮನೇಲಿ ಇದ್ದಿದ್ದು ಸಾಕು. ಇದ್ರ ಬೀಗದ ಕೈ ನಂದು."

"ಸರಿ," ಎಂದಳು ಸರ್ವಮಂಗಳಮ್ಮ. ತಲೆ ತಗ್ಗಿಸಿ ಅನ್ನ ಕಲಸುತ್ತ ಕುಳಿತಳು. ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು.

"ಸುಮ್ಕೆ ಕೂತ್ರಲ್ಲ. ಏನಾದ್ರೂ ಕೇಳಿ. ಅವತ್ತು ಕೇಳಿದ್ರಲ್ಲ, ಹಂಗೆ."

ಸರ್ವಮಂಗಳಮ್ಮ ಯೋಚಿಸಿ, ಗಂಡ ಹೇಗಿದ್ದರು ಎಂದು ಕೇಳಿದಳು. ನೂರ ಹನ್ನೆರಡರಲ್ಲಿ ಆ ಪ್ರಶ್ನೆ ಇರಲಿಲ್ಲ. ಬಸವಲಿಂಗಮ್ಮ ಕೈ ತೊಳೆದು ಬಂದು ಗೋಡೆಗೊರಗಿ ಕುಳಿತು ಹೇಳತೊಡಗಿದಳು. ಮೂರೂವರೆಯವರೆಗೆ ಹೇಳಿದಳು. ಆಮೇಲೆ ಗಡಿಯಾರ ನೋಡಿ, ಸಂಜೆಯ ಅಡುಗೆಗೆ ಹೊತ್ತಾಯಿತೆಂದು ಎದ್ದು ಸೆರಗು ಸಿಕ್ಕಿಸಿಕೊಂಡಳು. ಬೀಗ ಹಾಕಿ, ಮೆಸ್ಸಿನ ಬಾಗಿಲವರೆಗೆ ಜೊತೆಯಲ್ಲಿ ನಡೆದು, "ಬತ್ತಾ ಇರಿ," ಎಂದು ಒಳಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಂಡಕ್ಟರ್, "ತುಮ್ಕೂರಾ ಅಕ್ಕ? ಸೀಟಿದೆ, ಹತ್ತಿ," ಎಂದ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಅವಸರವಿರಲಿಲ್ಲ; ಸರ್ವಮಂಗಳಮ್ಮ ಇಲ್ಲವೆಂದು ತಲೆಯಾಡಿಸಿ ಕಲ್ಲುಬೆಂಚಿನ ಮೇಲೆ ಕುಳಿತಳು. ಆ ಬಸ್ಸು ಹೋಯಿತು. ಮುಕ್ಕಾಲು ಗಂಟೆಗೆ ಇನ್ನೊಂದು ಬಂತು. ಅದಕ್ಕೆ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಚಿಲ್ಲರೆ ಎಣಿಸಿ ಕೈಯಲ್ಲಿಟ್ಟುಕೊಂಡಳು.